ಉದ್ದದ ಇಂಗ್ಲಿಷ್ ಪದವನ್ನು ಬಿಡಿಸಿ ಓದುವ ಬಗೆ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳು ಮೊದಲ ಎರಡು ಮೂರು ತಿಂಗಳು ಪಡುವ ಪಾಡನ್ನು, ಮಂಡ್ಯದಲ್ಲಿ ಇಂಗ್ಲಿಷ್ ಕಲಿಸುತ್ತ ನಾನು ಹಲವು ವರ್ಷ ಹತ್ತಿರದಿಂದ ನೋಡಿದ್ದೇನೆ. ದ್ಯುತಿಸಂಶ್ಲೇಷಣೆ ಎಂದರೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಎಲೆಯ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತೆಗೆದುಕೊಂಡು ಬಂದಿರುತ್ತಾರೆ. ಅದೇ ಸಂಗತಿ ‘ಫೋಟೋಸಿಂಥಿಸಿಸ್’ ಎಂಬ 14 ಅಕ್ಷರಗಳ ಪದವಾಗಿ ಎದುರು ನಿಂತಾಗ ಗೊತ್ತಿದ್ದ ವಿಷಯವೂ ಗೊತ್ತಿಲ್ಲದಂತಾಗುತ್ತದೆ.

ಮದ್ದೂರು ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಉದ್ದದ ಪದ ಬಂದಲ್ಲೆಲ್ಲ ಮೊದಲ ನಾಲ್ಕೈದು ಅಕ್ಷರ ನೋಡಿ ಉಳಿದದ್ದನ್ನು ಊಹಿಸಿ ಓದುತ್ತಿದ್ದಳು. ‘ಕನ್‌ಸ್ಟ್ರಕ್ಷನ್’ ಎಂದು ಇದ್ದ ಕಡೆ ‘ಕಾನ್‌ಸ್ಟಿಟ್ಯೂಷನ್’ ಎಂದು ಓದಿ, ಸೇತುವೆ ಕಟ್ಟುವ ಪಾಠದಲ್ಲಿ ಸಂವಿಧಾನ ಏಕೆ ಬಂತೆಂದು ಗಾಬರಿಯಾಗಿದ್ದಳು. ಆದರೆ ಅದೇ ಹುಡುಗಿ ‘ಗಿರೀಶ’ ಎಂದರೆ ತಡೆಯದೆ ಗಿರಿ ಮತ್ತು ಈಶ ಎಂದು ಬಿಡಿಸುತ್ತಿದ್ದಳು. ಪದ್ಯದ ಸಾಲು ಕೊಟ್ಟರೆ ಪ್ರಸ್ತಾರ ಹಾಕಿ, ಲಘು ಗುರು ಗುರುತಿಸಿ, ಗಣ ವಿಂಗಡಿಸಿ ತೋರಿಸುತ್ತಿದ್ದಳು. ಇಂಗ್ಲಿಷಿನ ಉದ್ದ ಪದಗಳನ್ನು ಒಡೆಯಲು ಬೇಕಾದ ವಿದ್ಯೆ ಆಕೆಯ ಕೈಯಲ್ಲೇ ಇತ್ತು. ಅದನ್ನು ಕನ್ನಡದ ಅವಧಿಯಲ್ಲೇ ಬಿಟ್ಟುಬರಬೇಕೆಂದು ಆಕೆ ತಿಳಿದಿದ್ದಳು, ಅಷ್ಟೆ. ಸಂಧಿ ಬಿಡಿಸುವ ಹಾಗೂ ಪ್ರಸ್ತಾರ ಹಾಕುವ ಆ ಅಭ್ಯಾಸವನ್ನು ಇಂಗ್ಲಿಷ್ ಪದಕ್ಕೆ ಹೇಗೆ ತರಬೇಕೆಂಬುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ವಿವರಿಸುತ್ತೇನೆ. ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ತಂದೆತಾಯಿಯರಿಗೂ ಇದು ಉಪಯೋಗವಾಗಲೆಂಬುದು ನನ್ನ ಆಸೆ.

ಮೊದಲು ತುಂಡುಗಳನ್ನು ಎಣಿಸುವುದು

ಒಂದು ಸ್ವರದ ಸುತ್ತ ಒಂದೇ ಉಸಿರಿಗೆ ಬರುವ ಧ್ವನಿಗಳ ಗುಂಪನ್ನು ಇಂಗ್ಲಿಷಿನಲ್ಲಿ ಸಿಲಬಲ್ ಎನ್ನುತ್ತಾರೆ. ಕನ್ನಡದಲ್ಲಿ ಉಚ್ಚಾರಾಂಶ ಎನ್ನಬಹುದು. ತರಗತಿಯಲ್ಲಿ ನಾನು ಅದನ್ನು ತುಂಡು ಎಂದೇ ಕರೆಯುತ್ತೇನೆ. ಪದವನ್ನು ನಿಧಾನವಾಗಿ ಹೇಳುತ್ತ ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡರೆ, ದವಡೆ ಎಷ್ಟು ಸಲ ಕೆಳಕ್ಕೆ ಇಳಿಯುತ್ತದೆಯೋ ಹೆಚ್ಚುಕಡಿಮೆ ಅಷ್ಟು ತುಂಡುಗಳಿರುತ್ತವೆ. ‘ಅಗ್ರಿಕಲ್ಚರ್’ ಎಂದು ಹೇಳಿ ನೋಡಿರಿ: ನಾಲ್ಕು ಸಲ.

ಇಲ್ಲಿ ಕನ್ನಡದ ಮಕ್ಕಳು ಎಡವುವ ಒಂದು ಜಾಗವಿದೆ. ನಮ್ಮ ಲಿಪಿಯಲ್ಲಿ ‘ಪುಸ್ತಕ’ ಎಂಬುದು ಪು, ಸ್ತ, ಕ ಎಂದು ಮೂರು ಅಕ್ಷರ. ಒತ್ತಕ್ಷರ ಯಾವಾಗಲೂ ಮುಂದಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಆದರೆ ಪ್ರಸ್ತಾರ ಹಾಕುವಾಗ ಪು ಎಂಬುದು ಹ್ರಸ್ವವಾಗಿದ್ದರೂ ಅದನ್ನು ಗುರು ಎಂದು ಗುರುತಿಸುತ್ತೇವೆ. ಬಾಯಲ್ಲಿ ಹೇಳುವಾಗ ಆ ಪದ ಪುಸ್-ತ-ಕ ಎಂದೇ ತುಂಡಾಗುವುದರಿಂದ, ಸ್ ಎಂಬ ವ್ಯಂಜನದ ಭಾರ ಹಿಂದಿನ ಪು ಮೇಲೆ ಬೀಳುತ್ತದೆ. ಹಾಗೆಯೇ ಪದದ ಕೊನೆಯಲ್ಲಿ ಬರುವ ಅರ್ಧಾಕ್ಷರವನ್ನು ಛಂದಸ್ಸಿನಲ್ಲಿ ಬೇರೆಯಾಗಿ ಎಣಿಸದೆ ಹಿಂದಿನ ಅಕ್ಷರಕ್ಕೆ ಸೇರಿಸಿ ಅದನ್ನು ಗುರು ಮಾಡುತ್ತೇವೆ. ಇಂಗ್ಲಿಷಿನ ತುಂಡುಗಳನ್ನು ಎಣಿಸುವ ಲೆಕ್ಕವೂ ಬಹುಮಟ್ಟಿಗೆ ಇದೇ. ಕನ್ನಡ ಲಿಪಿಯಲ್ಲಿ ಬರೆದ ‘ಎಜುಕೇಷನ್’ ಕಣ್ಣಿಗೆ ಐದು ಅಕ್ಷರವಾಗಿ ಕಂಡರೂ, ಕೊನೆಯ ನ್ ಹಿಂದಿನ ಷಕ್ಕೆ ಸೇರುವುದರಿಂದ ಅದು ಎ-ಜು-ಕೇ-ಷನ್ ಎಂದು ನಾಲ್ಕು ತುಂಡು. ಆದ್ದರಿಂದ ಎಣಿಸುವಾಗ ಲಿಪಿಯನ್ನು ನೋಡದೆ ಪ್ರಸ್ತಾರವನ್ನು ನೆನೆಯಿರಿ.

ಇನ್ನೊಂದು ಎಚ್ಚರ. ಇಂಗ್ಲಿಷಿನಲ್ಲಿ ಸ್ವರಕ್ಕೆಂದು ಇರುವ ಅಕ್ಷರಗಳು ಎ, ಇ, ಐ, ಓ, ಯು ಎಂಬ ಐದು, ಕೆಲವೊಮ್ಮೆ ವೈ ಕೂಡ. ಆದರೆ ಎಣಿಸಬೇಕಾದದ್ದು ಕಿವಿಗೆ ಕೇಳುವ ಸ್ವರವನ್ನೇ ಹೊರತು ಕಾಗದದ ಮೇಲಿನ ಸ್ವರಾಕ್ಷರವನ್ನಲ್ಲ. ‘ಕಂಪ್ಲೀಟ್’ ಪದದಲ್ಲಿ ಸ್ವರಾಕ್ಷರಗಳು ಮೂರು, ತುಂಡುಗಳು ಎರಡು. ಕೊನೆಯ ಇ ಮೌನವಾಗಿದ್ದು, ಹಿಂದಿನ ಸ್ವರವನ್ನು ದೀರ್ಘ ಮಾಡುವುದಷ್ಟೇ ಅದರ ಕೆಲಸ. ‘ಅಗ್ರಿಕಲ್ಚರ್’ನಲ್ಲಿಯೂ ಹೀಗೆಯೇ ಐದು ಸ್ವರಾಕ್ಷರಗಳಿದ್ದು ತುಂಡುಗಳು ನಾಲ್ಕೇ ಆಗುತ್ತವೆ.

ತಲೆ, ಬಾಲ, ನಡುವಿನ ಧಾತು

ತುಂಡುಗಳ ಎಣಿಕೆ ಕಿವಿಯ ಕೆಲಸವಾದರೆ, ಎರಡನೆಯ ಹೆಜ್ಜೆ ಅರ್ಥದ ಕೆಲಸ. ಹೊಸ ಪದ ಕಂಡ ಕೂಡಲೇ ಎಡದಿಂದ ಒಂದೊಂದೇ ಅಕ್ಷರ ಕೂಡಿಸುತ್ತ ಹೋಗಬೇಡಿರಿ. ಮೊದಲು ಬಾಲವನ್ನು, ಎಂದರೆ ಕೊನೆಯ ಪ್ರತ್ಯಯವನ್ನು ನೋಡಿ ಅದರ ಹಿಂದೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಬಳಿಕ ತಲೆಯನ್ನು, ಎಂದರೆ ಉಪಸರ್ಗವನ್ನು ನೋಡಿ ಅದರ ಮುಂದೆ ಇನ್ನೊಂದು ಗೆರೆ. ನಡುವೆ ಉಳಿಯುವುದು ಧಾತು.

ಕನ್ನಡ ಬಲ್ಲವರಿಗೆ ಇದು ಹೊಸದಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಪದಗಳಲ್ಲಿ ‘ಹಾರ’ ಒಂದೇ ಇದ್ದು, ಮುಂದೆ ಕೂತ ಉಪಸರ್ಗ ಬದಲಾದಂತೆ ಅರ್ಥ ಬೇರೆಬೇರೆ ಕಡೆಗೆ ತಿರುಗುವುದನ್ನು ವ್ಯಾಕರಣದ ಮೇಷ್ಟರು ಹೇಳಿಕೊಟ್ಟಿರುತ್ತಾರೆ. ಇಂಗ್ಲಿಷಿನ ‘ಪೋರ್ಟ್’ ಹೀಗೆಯೇ ಕೆಲಸ ಮಾಡುತ್ತದೆ. ಇಂಪೋರ್ಟ್ ಎಂದರೆ ಒಳಕ್ಕೆ ತರುವುದು, ಎಕ್ಸ್‌ಪೋರ್ಟ್ ಎಂದರೆ ಹೊರಕ್ಕೆ ಕಳಿಸುವುದು, ಟ್ರಾನ್ಸ್‌ಪೋರ್ಟ್ ಎಂದರೆ ಆಚೆಗೆ ಸಾಗಿಸುವುದು. ಪೋರ್ಟ್‌ನ ಮೂಲವಾದ ಲ್ಯಾಟಿನ್ ಧಾತುವಿನ ಅರ್ಥ ಹೊರು, ಒಯ್ಯು ಎಂದು; ಹಾರದ ಮೂಲವಾದ ಸಂಸ್ಕೃತದ ಹೃ ಧಾತುವಿಗೂ ಒಯ್ಯು ಎಂಬುದೇ ಅರ್ಥ. ಈ ಹೋಲಿಕೆ ಕಂಡ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಹುಡುಗಿಯನ್ನು ಗಾಬರಿಪಡಿಸಿದ ಎರಡು ಪದಗಳನ್ನು ಈಗ ಬಿಡಿಸೋಣ. ಎರಡರ ಬಾಲವೂ ಒಂದೇ, ತಲೆಯೂ ‘ಕೂಡಿ’ ಎಂಬರ್ಥದ ‘ಕಾನ್’ ಎಂಬ ಒಂದೇ ಉಪಸರ್ಗ. ವ್ಯತ್ಯಾಸವಿರುವುದು ನಡುವಿನಲ್ಲಿ. ಒಂದರಲ್ಲಿ ‘ಸ್ಟ್ರಕ್ಟ್’ ಇದೆ. ಕಟ್ಟು ಎಂದು ಅದರ ಅರ್ಥ, ಸ್ಟ್ರಕ್ಚರ್ ಪದದಲ್ಲಿಯೂ ಅದೇ ಇದೆ. ಇನ್ನೊಂದರಲ್ಲಿ ‘ಸ್ಟಿಟ್ಯೂಟ್’ ಇದೆ. ಸ್ಥಾಪಿಸು, ನಿಲ್ಲಿಸು ಎಂದು ಅದರ ಅರ್ಥ, ಇನ್‌ಸ್ಟಿಟ್ಯೂಟ್ ಪದದಲ್ಲಿಯೂ ಅದೇ ಇದೆ. ತಲೆಬಾಲಗಳನ್ನು ಮಾತ್ರ ನೋಡಿ ಓದುವವರು ಈ ಎರಡನ್ನು ಅದಲುಬದಲು ಮಾಡುವುದು ಸಹಜ. ನಡುವೆ ಗೆರೆ ಹಾಕಿದವರಿಗೆ ಆ ತಪ್ಪು ಆಗುವುದು ಅಪರೂಪ.

ತಲೆಯ ವಿಷಯದಲ್ಲಿ ಸಂಧಿಯನ್ನೂ ನೆನೆಯಬೇಕು. ‘ಅಲ್ಲ’ ಎಂಬರ್ಥದ ‘ಇನ್’ ಎಂಬ ಉಪಸರ್ಗ ಪ, ಬ, ಮ ಧ್ವನಿಗಳ ಮುಂದೆ ‘ಇಮ್’ ಆಗುತ್ತದೆ: ಇಂಪಾಸಿಬಲ್. ಲಕಾರದ ಮುಂದೆ ‘ಇಲ್’ ಆಗಿ ಇಲ್ಲೀಗಲ್, ರಕಾರದ ಮುಂದೆ ‘ಇರ್’ ಆಗಿ ಇರ್ರೆಗ್ಯುಲರ್ ಎಂದಾಗುತ್ತದೆ. ಸಮ್ ಎಂಬುದು ಲಾಪದ ಜೊತೆ ಕೂಡಿ ಸಲ್ಲಾಪವಾದಂತೆಯೇ ಇದು. ಕಾಗುಣಿತಕ್ಕೆ, ಎಂದರೆ ಸ್ಪೆಲಿಂಗಿಗೆ, ಇದರಿಂದ ಸಿಗುವ ನೆರವು ದೊಡ್ಡದು. ಇಲ್ಲೀಗಲ್‌ನಲ್ಲಿ ಎಲ್ ಎರಡು ಏಕೆಂದರೆ ಒಂದು ಉಪಸರ್ಗದ್ದು, ಇನ್ನೊಂದು ಲೀಗಲ್‌ನದು. ಅನ್‌ನೆಸೆಸರಿಯಲ್ಲಿ ಎನ್ ಎರಡು, ಮಿಸ್‌ಸ್ಪೆಲ್‌ನಲ್ಲಿ ಎಸ್ ಎರಡು. ಆದರೆ ಡಿಸಪಾಯಿಂಟ್‌ನಲ್ಲಿ ಎಸ್ ಒಂದೇ, ಏಕೆಂದರೆ ಡಿಸ್ ಆದ ಮೇಲೆ ಬರುವುದು ಅಪಾಯಿಂಟ್, ಅದು ಸ್ವರದಿಂದ ಶುರುವಾಗುತ್ತದೆ. ಗವರ್ನ್‌ಗೆ ಮೆಂಟ್ ಸೇರಿ ಗವರ್ನ್‌ಮೆಂಟ್ ಆದದ್ದರಿಂದ, ಬಾಯಲ್ಲಿ ನುಂಗಿಹೋದರೂ ಬರಹದಲ್ಲಿ ಎನ್ ಇರಲೇಬೇಕು. ಡೆವಲಪ್ ಪದದ ಕೊನೆಯಲ್ಲಿ ಇ ಇಲ್ಲದ ಕಾರಣ ಡೆವಲಪ್‌ಮೆಂಟ್‌ನ ನಡುವೆ ಇ ಬರೆಯುವುದು ತಪ್ಪು. ಬಾಯಿಪಾಠದಿಂದ ವರ್ಷಗಟ್ಟಲೆ ಸರಿಹೋಗದ ತಪ್ಪುಗಳು ಒಂದು ಗೆರೆಯಿಂದ ಸರಿಹೋಗುವುದನ್ನು ನಾನು ಕಂಡಿದ್ದೇನೆ.

ಇಂಗ್ಲಿಷಿನ ಉದ್ದದ ಪದಗಳಲ್ಲಿ ಹೆಚ್ಚಿನವು ಆ ಭಾಷೆಯ ಮನೆಯವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿಯಾಗಿ ಬಂದವು. ಲ್ಯಾಟಿನ್ ಮತ್ತು ಗ್ರೀಕಿನಿಂದ ವಿದ್ವಾಂಸರು ನೇರವಾಗಿಯೂ ಪದಗಳನ್ನು ತಂದುಕೊಂಡರು. ನಮ್ಮಲ್ಲಿ ನೀರು, ಮನೆ, ಹೊಲ ಎಂಬ ದೇಶ್ಯ ಪದಗಳು ಚಿಕ್ಕವಾಗಿದ್ದು, ಜಲವಿದ್ಯುತ್, ದ್ಯುತಿಸಂಶ್ಲೇಷಣೆಯಂಥ ತತ್ಸಮ ಸಮಾಸಗಳು ಉದ್ದವಾಗಿರುವಂತೆಯೇ, ಅಲ್ಲಿಯೂ ವಾಟರ್, ಹೌಸ್, ಲ್ಯಾಂಡ್ ಚಿಕ್ಕವು, ಹೊರಗಿನಿಂದ ಬಂದವು ಉದ್ದದವು. ಹೀಗಾಗಿ ಎಷ್ಟೋ ಉದ್ದದ ಪದಗಳ ಕನ್ನಡ ರೂಪವೇ ಆ ಪದದ ಒಳಗನ್ನು ತೋರಿಸಿಬಿಡುತ್ತದೆ. ಫೋಟೋ ಎಂದರೆ ಬೆಳಕು, ಸಿನ್ ಎಂದರೆ ಕೂಡಿ, ಥೀಸಿಸ್ ಎಂದರೆ ಇಡುವುದು. ನಮ್ಮಲ್ಲಿ ದ್ಯುತಿ, ಸಂ, ಶ್ಲೇಷಣೆ. ಹೈಡ್ರೋ ಎಂದರೆ ನೀರು, ಅದಕ್ಕೆ ಎಲೆಕ್ಟ್ರಿಕ್ ಸೇರಿದರೆ ಜಲವಿದ್ಯುತ್. 1902ರಲ್ಲಿ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ಇದೇ. ಕೋ ಎಂದರೆ ಸಹ, ಆಪರೇಟ್ ಎಂದರೆ ಕೆಲಸ ಮಾಡು, ಎರಡೂ ಕೂಡಿದರೆ ಸಹಕಾರ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, 1891ರಿಂದ ಬಂದಿರುವ ಆ ಸಂಸ್ಥೆಯಲ್ಲಿ, ಕಾಪಾಡಿಟ್ಟಿರುವ ತಾಳೆಗರಿಗಳನ್ನು ಮ್ಯಾನುಸ್ಕ್ರಿಪ್ಟ್ ಎನ್ನುತ್ತಾರೆ: ಮ್ಯಾನು ಎಂದರೆ ಕೈ, ಸ್ಕ್ರಿಪ್ಟ್ ಎಂದರೆ ಬರೆದದ್ದು, ಎಂದರೆ ಹಸ್ತಪ್ರತಿ.

ಒಂದು ಧಾತು ಗೊತ್ತಾದರೆ ಅದರ ಬಳಗವನ್ನೆಲ್ಲ ಒಟ್ಟಿಗೆ ಬರೆದುಕೊಳ್ಳಿರಿ. ನಮ್ಮ ಜಿಲ್ಲೆಗೆ ಹತ್ತಿರವಾದ ‘ಕಲ್ಚರ್’ ಬಳಗವನ್ನು ನಾನು ಮೊದಲು ಬರೆಸುತ್ತೇನೆ. ಇಲ್ಲಿ ಅದರ ಅರ್ಥ ಕೃಷಿ, ಬೆಳೆಸುವಿಕೆ. ಅಗ್ರಿ ಎಂದರೆ ಹೊಲ, ಹಾರ್ಟಿ ಎಂದರೆ ತೋಟ, ಸೆರಿ ಎಂದರೆ ರೇಷ್ಮೆ, ಎಪಿ ಎಂದರೆ ಜೇನುಹುಳು. ರೇಷ್ಮೆ ಕೃಷಿ, ಜೇನು ಕೃಷಿ ಎಂದು ನಾವು ಹೇಳುವ ಕ್ರಮವೇ ಅಲ್ಲಿಯದೂ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಮುಂದೆ ಬಸ್ಸಿನಲ್ಲಿ ಹೋಗುವ ಮಕ್ಕಳಿಗೆ ಈ ನಾಲ್ಕು ಪದ ಒಂದೇ ದಿನದಲ್ಲಿ ಬರುತ್ತವೆ. ‘ಇರಿಗೇಷನ್’ ಕೂಡ ಅವರದೇ ಪದ: ಒಳಕ್ಕೆ ಎಂಬರ್ಥದ ಇನ್ ರಕಾರದ ಮುಂದೆ ಇರ್ ಆಗಿದೆ, ನಡುವಿನ ಲ್ಯಾಟಿನ್ ಧಾತುವಿಗೆ ನೀರು ಹಾಯಿಸು ಎಂಬ ಅರ್ಥ. ಕನ್ನಂಬಾಡಿಯ ನೀರು ನಾಲೆಯಿಂದ ಗದ್ದೆಯ ಒಳಕ್ಕೆ ಹೋಗುವುದನ್ನು ಕಂಡವರು ಆ ಪದದಲ್ಲಿ ಆರ್ ಎರಡು ಎಂಬುದನ್ನು ಮತ್ತೆ ಮರೆಯುವುದಿಲ್ಲ.

ನಡುವನ್ನು ಒಡೆಯುವುದು

ಧಾತುವೇ ಗೊತ್ತಿಲ್ಲದ ಪದವೂ ಬರುತ್ತದೆ. ಆಗ ಕೆಲವು ಸರಳ ಕ್ರಮಗಳಿಂದ ಉಚ್ಚಾರಕ್ಕಾದರೂ ದಾರಿ ಮಾಡಿಕೊಳ್ಳಬಹುದು. ಎರಡು ಸ್ವರಗಳ ನಡುವೆ ಎರಡು ವ್ಯಂಜನಗಳಿದ್ದರೆ ಅವುಗಳ ನಡುವೆ ಒಡೆಯಿರಿ: ಸೆಪ್-ಟೆಂ-ಬರ್. ಆದರೆ ಎಸ್ ಮತ್ತು ಎಚ್, ಸಿ ಮತ್ತು ಎಚ್, ಟಿ ಮತ್ತು ಎಚ್, ಪಿ ಮತ್ತು ಎಚ್ ಜೊತೆಯಾಗಿ ಬಂದು ಒಂದೇ ಧ್ವನಿ ಕೊಡುವಾಗ ಅವನ್ನು ಬೇರ್ಪಡಿಸಬಾರದು. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಮೊದಲು ಅದರ ಹಿಂದೆ ಒಡೆದು ಸ್ವರವನ್ನು ದೀರ್ಘವಾಗಿ ಓದಿ ನೋಡಿರಿ: ಪೇ-ಪರ್. ಹಾಗೆ ಓದಿದಾಗ ಗೊತ್ತಿರುವ ಪದ ಸಿಗದಿದ್ದರೆ ವ್ಯಂಜನದ ಮುಂದೆ ಒಡೆದು ಸ್ವರವನ್ನು ಹ್ರಸ್ವ ಮಾಡಿರಿ: ಕ್ಯಾಬ್-ಇನ್.

ಎರಡು ಸ್ವರಾಕ್ಷರಗಳು ಅಕ್ಕಪಕ್ಕ ಬಂದರೆ ಬಹಳ ಸಲ ಒಂದೇ ಧ್ವನಿ. ಆದರೆ ಅವುಗಳ ನಡುವೆ ಪದಭಾಗದ ಗಡಿ ಇದ್ದರೆ ಬೇರೆಯಾಗುತ್ತವೆ. ಮೈಸೂರಿನ ಮೃಗಾಲಯದ ಪೂರ್ಣ ಹೆಸರಿನಲ್ಲಿರುವ ‘ಜೂವಲಾಜಿಕಲ್’ ಪದವನ್ನು ನೋಡಿರಿ. ಜೂ ಎಂಬ ಚಿಕ್ಕ ಪದ ಎಲ್ಲರ ನಾಲಿಗೆಯ ಮೇಲೆ ಇರುವುದರಿಂದ ಎರಡು ಓಗಳನ್ನು ಕೂಡಿಸಿ ಓದುವುದೇ ರೂಢಿ. ಮೂಲದಲ್ಲಿ ಅದು ಪ್ರಾಣಿ ಎಂಬರ್ಥದ ಜೋ ಮತ್ತು ಶಾಸ್ತ್ರ ಎಂಬರ್ಥದ ಆಲಜಿ. ಗಡಿ ಎರಡು ಓಗಳ ನಡುವೆಯೇ ಬೀಳುತ್ತದೆ. ಆದ್ದರಿಂದ ಜೋ-ಅ-ಲಾ-ಜಿ-ಕಲ್ ಎಂದು ಐದು ತುಂಡು. ಕೋಆಪರೇಟಿವ್‌ನ ಎರಡು ಓಗಳದೂ ಇದೇ ಕತೆ.

ಒತ್ತು ಎಲ್ಲಿ ಬೀಳುತ್ತದೆ

ಕನ್ನಡಿಗರಿಗೆ ನಿಜವಾಗಿ ಹೊಸದಾದ ಸಂಗತಿ ಇದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಸ್ವರ ಪೂರ್ತಿ ಸಿಗುತ್ತದೆ. ಎಲ್ಲೋ ಸ್ವಲ್ಪ ಒತ್ತಿ ಹೇಳಿದರೂ ಅದು ಸಾಮಾನ್ಯವಾಗಿ ಪದದ ಮೊದಲಲ್ಲಿ. ಇಂಗ್ಲಿಷಿನ ಉದ್ದ ಪದದಲ್ಲಿ ಒಂದು ತುಂಡು ಮಾತ್ರ ಎತ್ತರದ ದನಿಯಲ್ಲಿ, ಸ್ಪಷ್ಟವಾಗಿ, ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಉಳಿದವು ಕುಗ್ಗುತ್ತವೆ, ಅವುಗಳ ಸ್ವರ ಯಾವುದೇ ಇದ್ದರೂ ಎಷ್ಟೋ ಸಲ ಮಂದವಾದ ಅಕಾರದಂತೆ ಕೇಳುತ್ತದೆ. ನಾವು ‘ಡೆವಲಪ್‌ಮೆಂಟ್’ ಎನ್ನುವಾಗ ಡೆ ಮೇಲೆ ಭಾರ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಅದು ಡಿ-'ವೆ-ಲಪ್-ಮಂಟ್. ಒತ್ತು ಬೀಳುವ ತುಂಡಿನ ಮುಂದೆ ನಿಘಂಟುಗಳಲ್ಲಿ ಇಂಥ ಒಂದು ಚಿಕ್ಕ ಗೆರೆ ಇರುತ್ತದೆ. ಇಲ್ಲಿಯೂ ಅದನ್ನೇ ಬಳಸಿದ್ದೇನೆ. ಒತ್ತಕ್ಷರದ ಒತ್ತಿಗೂ ಈ ಒತ್ತಿಗೂ ಸಂಬಂಧವಿಲ್ಲ.

ಒತ್ತಿನ ಜಾಗವನ್ನು ಬಹಳ ಸಲ ಬಾಲವೇ ಹೇಳುತ್ತದೆ. ಬಾಲವನ್ನು ಮೊದಲು ನೋಡಿರೆಂದು ನಾನು ಹೇಳಿದ್ದಕ್ಕೆ ಇದೂ ಕಾರಣ. ಪದದ ಕೊನೆಯಲ್ಲಿ ಷನ್ ಎಂದು ಕೇಳುವ ಟಿ-ಐ-ಓ-ಎನ್ ಇದ್ದರೆ ಒತ್ತು ಅದರ ಹಿಂದಿನ ತುಂಡಿನ ಮೇಲೆ: ಎ-ಜು-'ಕೇ-ಷನ್, ಇ-ರಿ-'ಗೇ-ಷನ್, ಕಾರ್-ಪ-'ರೇ-ಷನ್. ‘ಇಕ್’ ಮತ್ತು ‘ಇಕಲ್’ ಬಾಲಗಳಲ್ಲಿಯೂ ಹಿಂದಿನ ತುಂಡೇ: ಸೈ-ಅನ್-'ಟಿ-ಫಿಕ್, ಟೆಕ್-ನ-'ಲಾ-ಜಿ-ಕಲ್. ಐ-ಟಿ-ವೈ ಬಾಲವಿದ್ದರೆ ಅದರ ಎರಡು ತುಂಡುಗಳ ಹಿಂದಿನದು: ಯೂ-ನಿ-'ವರ್-ಸಿ-ಟಿ. ‘ಲಜಿ’, ‘ಗ್ರಫಿ’, ‘ಕ್ರಸಿ’ ಎಂದು ಮುಗಿಯುವ ಪದಗಳಲ್ಲಿ ಕೊನೆಯಿಂದ ಮೂರನೆಯ ತುಂಡು: ಬೈ-'ಆ-ಲ-ಜಿ, ಜಿ-'ಆ-ಗ್ರ-ಫಿ, ಡಿ-'ಮಾ-ಕ್ರ-ಸಿ. ‘ಈ’ ಅಥವಾ ‘ಇಯರ್’ ಎಂದು ಎಳೆದು ಮುಗಿಯುವಲ್ಲಿ ಬಾಲವೇ ಒತ್ತನ್ನು ತೆಗೆದುಕೊಳ್ಳುತ್ತದೆ: ಎಂ-ಪ್ಲಾಯ್-'ಈ, ಎಂ-ಜಿ-'ನಿಯರ್. ಮೆಂಟ್, ನೆಸ್, ಫುಲ್, ಲಿ ಎಂಬ ಬಾಲಗಳು ಒತ್ತನ್ನು ಅಲುಗಿಸುವುದಿಲ್ಲ. ಅಪವಾದಗಳು ಇವೆ. ಕಮಿಟಿ ಪದದಲ್ಲಿ ಒತ್ತು ನಡುವಿನಲ್ಲಿದೆ. ಗಣಿತ ಎಂಬರ್ಥದ ಅರಿತ್‌ಮೆಟಿಕ್‌ನಲ್ಲಿ ಎರಡನೆಯ ತುಂಡಿನ ಮೇಲಿದೆ.

ಬಾಲ ಬದಲಾದಂತೆ ಒತ್ತು ಸರಿಯುವುದನ್ನು ಒಂದೇ ಬಳಗದಲ್ಲಿ ಕೇಳಬೇಕು. ಇ-'ಲೆಕ್-ಟ್ರಿಕ್, ಇ-ಲೆಕ್-'ಟ್ರಿ-ಸಿ-ಟಿ, ಇ-ಲೆಕ್-'ಟ್ರಿ-ಷನ್. ಬರಹದಲ್ಲಿ ಸಿ ಎಂಬ ಅಕ್ಷರ ಮೂರರಲ್ಲೂ ಹಾಗೆಯೇ ಇದೆ. ಕಿವಿಗೆ ಮಾತ್ರ ಒಮ್ಮೆ ಕ, ಒಮ್ಮೆ ಸ, ಒಮ್ಮೆ ಷ ಆಗಿದೆ. 'ಫೋ-ಟ-ಗ್ರಾಫ್, ಫ-'ಟಾ-ಗ್ರ-ಫರ್, ಫೋ-ಟ-'ಗ್ರ್ಯಾ-ಫಿಕ್ ಎಂಬ ಮೂರರಲ್ಲಿ ಒತ್ತು ಬಿಟ್ಟುಹೋದ ತುಂಡಿನ ಸ್ವರ ಕೂಡಲೇ ಬಾಡುವುದನ್ನು ಗಮನಿಸಿರಿ. ಮ್ಯೂ-'ನಿ-ಸಿ-ಪಲ್ ಎಂಬುದು ಮ್ಯೂ-ನಿ-ಸಿ-'ಪ್ಯಾ-ಲಿ-ಟಿ ಆಗುವಾಗಲೂ ಹೀಗೆಯೇ. ಈ ಮೂರು ಬಳಗಗಳನ್ನು ಗಟ್ಟಿಯಾಗಿ ಹತ್ತು ಸಲ ಹೇಳಿದವರಿಗೆ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯ ಅಷ್ಟಾಗಿ ಉಳಿಯುವುದಿಲ್ಲ.

ಇಂಥ ಯಾವ ಬಾಲವೂ ಇಲ್ಲದ ಮೂರು ತುಂಡಿನ ನಾಮಪದಗಳಿಗೆ ಪ್ರಸ್ತಾರ ಮತ್ತೆ ನೆರವಾಗುತ್ತದೆ. ಕೊನೆಯಿಂದ ಎರಡನೆಯ ತುಂಡು ಗುರುವಾಗಿದ್ದರೆ ಒತ್ತನ್ನು ಅದು ಎಳೆದುಕೊಳ್ಳುವುದುಂಟು: ಅ-'ಜೆಂ-ಡ, ವ-'ರಾಂ-ಡ. ಲಘುವಾಗಿದ್ದರೆ ಒತ್ತು ಒಂದು ತುಂಡು ಹಿಂದಕ್ಕೆ ಹೋಗುತ್ತದೆ: 'ಸಿ-ನ-ಮ. ಇದನ್ನು ಊಹೆಗೆ ಆಧಾರವಾಗಿ ಮಾತ್ರ ಇಟ್ಟುಕೊಳ್ಳಿರಿ. 'ಕ್ಯಾ-ಲಂ-ಡರ್ ಎಂಬಲ್ಲಿ ನಡುವೆ ಗುರುವಿದ್ದರೂ ಒತ್ತು ಮೊದಲಲ್ಲಿಯೇ ಇದೆ. ಕೆಲವು ಎರಡು ತುಂಡಿನ ಪದಗಳಲ್ಲಿ ಒತ್ತಿನಿಂದಲೇ ನಾಮಪದ ಕ್ರಿಯಾಪದಗಳ ಭೇದ ತಿಳಿಯುತ್ತದೆ: ಲಾರಿಯ ಪರವಾನಗಿಯಾದರೆ 'ಪರ್-ಮಿಟ್, ಅನುಮತಿ ಕೊಡುವ ಕ್ರಿಯೆಯಾದರೆ ಪರ್-'ಮಿಟ್.

ಇಲ್ಲಿ ಒಂದು ಮಾತು ಹೇಳಬೇಕು. ಹೋಟೆಲು, ಪೊಲೀಸು, ಬಸ್ಸು ಎಂಬ ಪದಗಳು ಕನ್ನಡವಾಗಿಹೋಗಿವೆ; ಕನ್ನಡದಲ್ಲಿ ಮಾತಾಡುವಾಗ ಅವುಗಳಿಗೆ ಕನ್ನಡದ ಉಚ್ಚಾರವೇ ಸರಿ. ನಮ್ಮ ಸೀಮೆಯ ಮಾತಿನಲ್ಲಿ ಹಕಾರ ಸಡಿಲವಾಗುವುದನ್ನು ಹಿಡಿದು ಮಕ್ಕಳನ್ನು ತರಗತಿಯಲ್ಲಿ ನಗೆಗೀಡುಮಾಡುವುದು ನನಗೆ ಬಹಳ ನೋವು ಕೊಡುವ ಸಂಗತಿ. ಹಾಸ್ಪಿಟಲ್‌ನ ಬಳಗದ್ದಾದ ‘ಆಸ್ಪತ್ರೆ’ಯೇ ಹಕಾರ ಬಿಟ್ಟು ಕನ್ನಡಕ್ಕೆ ಬಂದಿದೆ. ಒತ್ತನ್ನು ಕಲಿಯುವುದು ನಮ್ಮ ಮಾತು ಎದುರಿನವರಿಗೆ ತಿಳಿಯಲೆಂದು, ಅವರ ಮಾತು ನಮಗೆ ತಿಳಿಯಲೆಂದು. ಓದುವುದಕ್ಕೆ ತುಂಡು ಮತ್ತು ಭಾಗಗಳೇ ಮುಖ್ಯ, ಒತ್ತು ಆಮೇಲೆ ಬಂದರೂ ಸಾಕು.

ಎಲ್ಲಿ ಮೋಸಹೋಗಬಹುದು

ಬಿಡಿಸುವುದು ಅಭ್ಯಾಸವಾದ ಮೇಲೆ ಇಲ್ಲದ ಕಡೆಯೂ ಉಪಸರ್ಗ ಕಾಣತೊಡಗುತ್ತದೆ. ಅಂಕಲ್ ಪದದ ಮೊದಲಿಗೆ ಯು ಮತ್ತು ಎನ್ ಇದ್ದರೂ ಅದು ‘ಅಲ್ಲ’ ಎಂಬರ್ಥದ ಉಪಸರ್ಗವಲ್ಲ. ಗೆರೆ ಎಳೆದ ಮೇಲೆ ನಡುವೆ ಉಳಿದದ್ದು ಬೇರೆ ಪದಗಳಲ್ಲಿಯೂ ಕಾಣಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು. ಇದಕ್ಕಿಂತ ಅಪಾಯದ ಪದ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರುಗಳ ಹಿಂದೆ ಕಾಣುವ ‘ಇನ್‌ಫ್ಲೇಮಬಲ್’. ಇನ್ ಎಂದರೆ ಅಲ್ಲ ಎಂದು ಕಲಿತ ಹುಡುಗನೊಬ್ಬ ಇದನ್ನು ‘ಬೆಂಕಿ ಹತ್ತದ್ದು’ ಎಂದು ಬಿಡಿಸಿದ್ದ. ಇರಿಗೇಷನ್‌ನಲ್ಲಿ ಕಂಡ ‘ಒಳಕ್ಕೆ’ ಎಂಬರ್ಥದ ಇನ್ ಇಲ್ಲಿರುವುದು. ಪದದ ಅರ್ಥ ಬೇಗ ಹೊತ್ತಿಕೊಳ್ಳುವಂಥದ್ದು ಎಂದು. ಆದ್ದರಿಂದ ಬಿಡಿಸಿ ಪಡೆದ ಅರ್ಥವನ್ನು ವಾಕ್ಯದಲ್ಲಿ ಇಟ್ಟು ನೋಡಿ, ನಿಘಂಟಿನಲ್ಲಿ ತಾಳೆ ನೋಡಿದ ಮೇಲೆಯೇ ಒಪ್ಪಿಕೊಳ್ಳಿರಿ. ಮೊಬೈಲಿನ ನಿಘಂಟಿನಲ್ಲಿ ಧ್ವನಿಯ ಗುರುತು ಒತ್ತಿ ಕೇಳಬಹುದು. ಆದರೆ ಮೊದಲು ನೀವೇ ಒಡೆದು, ಒತ್ತನ್ನು ಊಹಿಸಿ, ಬಳಿಕ ಕೇಳಿರಿ.

ಮಗುವಿಗೆ ಕನ್ನಡವನ್ನು ಓದುವುದೂ ವಯಸ್ಸಿಗೆ ತಕ್ಕಂತೆ ಬರುತ್ತಿಲ್ಲ, ಅಕ್ಷರಗಳು ಅದಲುಬದಲಾಗುತ್ತಲೇ ಇವೆ ಎಂದಾದರೆ ಅದು ಈ ಲೇಖನದ ಅಭ್ಯಾಸದಿಂದ ಸರಿಹೋಗುವ ವಿಷಯವಲ್ಲ. ಗದರಿಸುವುದನ್ನು ನಿಲ್ಲಿಸಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರಿಗೆ ತೋರಿಸಿರಿ.

ಒಂದು ಪದವನ್ನು ಪೂರ್ತಿ ಬಿಡಿಸುವುದು

ಕೊನೆಗೆ ದೊಡ್ಡ ಆಸ್ಪತ್ರೆಗಳಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗಕ್ಕೆ ಇರುವ ಹೆಸರನ್ನು ತೆಗೆದುಕೊಳ್ಳೋಣ: 19 ಅಕ್ಷರಗಳ ‘ಓಟೋರೈನೋಲ್ಯಾರಿಂಗಾಲಜಿ’. ನೋಟ್‌ಬುಕ್ಕಿನ ಒಂದು ಪುಟದ ನಡುವೆ ಉದ್ದಕ್ಕೂ ಗೆರೆ ಹಾಕಿ, ಎಡಗಡೆ ಪದವನ್ನು ಇಂಗ್ಲಿಷಿನಲ್ಲಿ ಬಿಡಿಯಾಗಿ ಬರೆಯಿರಿ. ಬಾಲ ‘ಆಲಜಿ’, ಎಂದರೆ ಶಾಸ್ತ್ರ. ಅಲ್ಲಿ ಒಂದು ಗೆರೆ. ಮುಂದಿನಿಂದ ‘ಓಟೋ’, ಎಂದರೆ ಕಿವಿ. ನಂತರ ‘ರೈನೋ’, ಎಂದರೆ ಮೂಗು. ಮೂಗಿನ ಮೇಲೆ ಕೊಂಬಿರುವ ಖಡ್ಗಮೃಗದ ಹೆಸರು ರೈನೋಸರಸ್ ಆದದ್ದು ಇದರಿಂದಲೇ, ಆರ್ ಆದ ಮೇಲೆ ಎಚ್ ಇರುವುದೂ ಎರಡರಲ್ಲಿ ಒಂದೇ. ಉಳಿದದ್ದು ‘ಲ್ಯಾರಿಂಗ್’, ಎಂದರೆ ಧ್ವನಿಪೆಟ್ಟಿಗೆ ಇರುವ ಗಂಟಲಿನ ಭಾಗ. ಕನ್ನಡದ ಹೆಸರಿನ ಅನುಕ್ರಮವೇ ಹಾಗೆಯೇ ಬಂದುಬಿಟ್ಟಿತು. ಈಗ ಗಲ್ಲದ ಕೆಳಗೆ ಕೈಯಿಟ್ಟು ಎಣಿಸಿರಿ: ಓ-ಟೋ-ರೈ-ನೋ-ಲ್ಯಾ-ರಿಂಗ್-ಗಾ-ಲ-ಜಿ, ಒಂಬತ್ತು ತುಂಡು. ಲಜಿ ಎಂದು ಮುಗಿಯುವುದರಿಂದ ಒತ್ತು ಕೊನೆಯಿಂದ ಮೂರನೆಯದಾದ ಗಾ ಮೇಲೆ. ಆ ಗಾ ಅನ್ನು ಮೊದಲು ಒಂದೇ ಹೇಳಿ, ಬಳಿಕ ಗಾ-ಲ-ಜಿ ಎಂದು, ಬಳಿಕ ರಿಂಗ್-'ಗಾ-ಲ-ಜಿ ಎಂದು, ಹೀಗೆ ಹಿಂದಿನಿಂದ ಒಂದೊಂದೇ ತುಂಡು ಸೇರಿಸುತ್ತ ಬಂದರೆ ನಾಲಿಗೆ ತೊಡರುವುದಿಲ್ಲ.

ಪುಟದ ಬಲಗಡೆ ಭಾಗಗಳ ಕನ್ನಡ ಅರ್ಥವನ್ನೂ ಅದೇ ಭಾಗ ಇರುವ ಇನ್ನೊಂದು ಪದವನ್ನೂ ಬರೆದು, ಕೆಳಗೆ ದಿನಾಂಕ ಹಾಕಿರಿ. ದಿನಕ್ಕೆ ಎರಡು ಪದಕ್ಕಿಂತ ಹೆಚ್ಚು ಬೇಡ. ಹದಿನೈದು ದಿನಗಳ ನಂತರ ಬಲಗಡೆಯನ್ನು ಕೈಯಿಂದ ಮುಚ್ಚಿ, ಎಡಗಡೆಯದನ್ನು ಮಾತ್ರ ಗಟ್ಟಿಯಾಗಿ ಓದಿ, ಅರ್ಥ ಹೇಳಿ ನೋಡಿರಿ. ತಡವರಿಸಿದ ಪದಗಳನ್ನು ಹೊಸ ಪುಟಕ್ಕೆ ಮತ್ತೊಮ್ಮೆ ಬಿಡಿಸಿ ಬರೆದುಕೊಳ್ಳಿರಿ.